ನಾದಾನಂದ ಮತ್ತು ದಾಸೋಹ

ಧರ್ಮದ ಪ್ರಶ್ನೆಗಳು ಯಾವಾಗಲೂ ದೊಡ್ಡ ವೇಷ ಧರಿಸಿ ಬರುವುದಿಲ್ಲ. ಅನ್ನ ಬಡಿಸುವಾಗ, ದಾರಿ ಬಿಡುವಾಗ, ನಾಲ್ಕು ಜನರ ನಡುವೆ ಕುಳಿತುಕೊಳ್ಳುವಾಗ ಅವು ಸದ್ದಿಲ್ಲದೆ ಎದುರಾಗುತ್ತವೆ. ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ಅನುಭಾವವನ್ನು ಒರೆಗೆ ಹಚ್ಚಿದ್ದು ಹಗ್ಗ ಹೊಸೆಯುವ, ಬಟ್ಟೆ ಮಡಿ ಮಾಡುವ, ದೋಣಿ ನಡೆಸುವ, ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕಗಳಲ್ಲಿ. ಆದುದರಿಂದ ಇಂದಿನ ಗೃಹಸ್ಥನು ತನ್ನ ಮಕ್ಕಳೊಡನೆ ಸಂಗೀತ ಕೇಳಲು ಹೋದಾಗ ಹುಟ್ಟುವ ಒಂದು ಸಣ್ಣ ಸಂದೇಹವನ್ನು ವಚನಧರ್ಮದ ಬೆಳಕಿನಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಆ ಸಂದೇಹ ಇಂತಹದು. ಕುರ್ಚಿಗಳನ್ನು ಸಾಲುಸಾಲಾಗಿ ಹೂಡಿದ ರಂಗಮಂದಿರ. ವೇದಿಕೆಯ ಮೇಲೆ ಒಂದು ರಾಕ್ ಬ್ಯಾಂಡ್, ಎಂದರೆ ಗಿಟಾರ್, ಡ್ರಮ್ ಮೊದಲಾದ ವಾದ್ಯಗಳನ್ನು ವಿದ್ಯುತ್ತಿನ ಸಹಾಯದಿಂದ ಗಟ್ಟಿಯಾಗಿ ನುಡಿಸುತ್ತ ಹಾಡುವ ತರುಣರ ಮೇಳ. ಹಾಡಿನ ಲಯ ಏರಿದಂತೆ ಕೆಲವರು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ, ಕೈಯೆತ್ತಿ ಕುಣಿಯುತ್ತಾರೆ. ಅವರ ಹಿಂದೆ ಕುಳಿತವರಿಗೆ ವೇದಿಕೆ ಕಾಣದಾಗುತ್ತದೆ. ಅವರೂ ಏಳಬೇಕಾಗುತ್ತದೆ, ಅವರ ಹಿಂದಿನವರೂ ಏಳಬೇಕಾಗುತ್ತದೆ. ಏಳಲಾರದವರು ಮನುಷ್ಯರ ಬೆನ್ನುಗಳನ್ನು ನೋಡುತ್ತ ಉಳಿಯುತ್ತಾರೆ. ಇಲ್ಲಿ ತಪ್ಪಿದವರು ಯಾರು? ಆನಂದ ಬಂದಾಗ ಎದ್ದವನೇ? ಅಥವಾ ಕುಣಿತದ ಸಂಗೀತಕ್ಕೆ ಬಂದು ಎಲ್ಲರೂ ಕುಳಿತೇ ಇರಲೆಂದು ಬಯಸುವವನೇ?

ಪ್ರಶ್ನೆ ಹೊಸದಾಗಿ ಕಂಡರೂ ಅದರ ಬೇರು ಹಳೆಯದು. ಭಟ್ಕಳ, ಹೊನ್ನಾವರ, ಕುಮಟೆಗಳ ಜನರಿಗೆ ಇದು ಸುಲಭವಾಗಿ ತಿಳಿಯತಕ್ಕದ್ದಾಗಿದೆ. ಒಂದು ಕಾಲಕ್ಕೆ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಕರಾವಳಿಯಲ್ಲಿ ರಾತ್ರಿಯ ಹೊತ್ತು ಜನ ಒಂದೆಡೆ ಸೇರುವುದೆಂದರೆ ಮೊದಲು ನೆನಪಾಗುವುದು ಯಕ್ಷಗಾನ. ಹರಕೆಯ ಆಟವು ಬಯಲಿನಲ್ಲಿ ನಡೆಯುತ್ತಿತ್ತು. ಅಲ್ಲಿ ಟಿಕೆಟ್ ಇರಲಿಲ್ಲ. ಬಂದವನು ಕಂಬಳಿ ಹಾಸಿ ಕುಳಿತುಕೊಳ್ಳುವನು, ಬೇಡವೆನಿಸಿದರೆ ಎದ್ದು ಹೋಗುವನು, ನಿದ್ದೆ ಬಂದರೆ ಅಲ್ಲಿಯೇ ಮಲಗುವನು. ಮುಂದೆ ಡೇರೆಯ ಮೇಳಗಳು ಬಂದವು. ಡೇರೆಯೊಳಗೆ ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳಾದವು. ಕೊಟ್ಟ ಹಣಕ್ಕೆ ತಕ್ಕ ಜಾಗವಾಯಿತು. ಬಯಲಾಟವನ್ನು ನೋಡುತ್ತಿದ್ದವನು ಟಿಕೆಟ್ ಕೊಂಡ ಪ್ರೇಕ್ಷಕನಾದನು. ಅಂದಿನಿಂದ ‘ಇದು ನನ್ನ ಜಾಗ’ ಎಂಬ ಮಾತೂ ‘ನಿಮ್ಮ ತಲೆ ಅಡ್ಡ ಬಂದಿದೆ’ ಎಂಬ ಮಾತೂ ಕೇಳಿಬರತೊಡಗಿದವು.

ಆದರೂ ಆ ಡೇರೆಗಳಲ್ಲಿ ಒಂದು ಮರ್ಯಾದೆ ಬೆಳೆದಿತ್ತು. ಹೊನ್ನಾವರ ತಾಲೂಕಿನವರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನಾಗಿ, ಭಸ್ಮಾಸುರನಾಗಿ ರಂಗಕ್ಕೆ ಬಂದಾಗ ಜನ ಸುಮ್ಮನೆ ಕುಳಿತಿರುತ್ತಿರಲಿಲ್ಲ. ಶಿಳ್ಳೆ, ಚಪ್ಪಾಳೆ, ಕೇಕೆಗಳಿಂದ ಡೇರೆ ತುಂಬಿಹೋಗುತ್ತಿತ್ತು. 2012ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು 2017ರಲ್ಲಿ ಕಾಲವಾದ ಆ ಕಲಾವಿದರ ಕುಣಿತವನ್ನು ಕಂಡವರು ಆ ಕೇಕೆಯನ್ನೂ ಮರೆತಿಲ್ಲ. ಪ್ರೇಕ್ಷಕನ ಉತ್ಸಾಹವು ಧ್ವನಿಯಾಗಿ ರಂಗಕ್ಕೆ ತಲುಪುತ್ತಿತ್ತು. ಕಲಾವಿದನು ಅದನ್ನು ಪಡೆದು ಇಮ್ಮಡಿಯಾಗಿ ಹಿಂದಿರುಗಿಸುತ್ತಿದ್ದನು. ಹಿಂದಿನ ಸಾಲಿನ ಮುದುಕಿಯೂ ಕೀಚಕನನ್ನು ಕಾಣುತ್ತಿದ್ದಳು. ಆನಂದಕ್ಕೆ ಬಾಯಿಯಿತ್ತು, ಕೈಯಿತ್ತು. ಆದರೆ ಅದು ಇನ್ನೊಬ್ಬರ ಕಣ್ಣಿಗೆ ಗೋಡೆಯಾಗಲಿಲ್ಲ. ಮೌನವಾಗಿ ಕುಳಿತಿರುವುದೊಂದೇ ಸಭ್ಯತೆಯೆಂದು ತಿಳಿಯಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಈಗ ರಾಕ್ ಸಂಗೀತದ ವಿಚಾರ. ಇದು 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅಲ್ಲಿಯ ಕರಿಯ ಜನರ ರಿದಮ್ ಅಂಡ್ ಬ್ಲೂಸ್ ಹಾಡುಗಳು, ಅವರ ಪ್ರಾರ್ಥನಾಮಂದಿರಗಳ ಮೈದುಂಬಿದ ಗಾಯನ, ಬಿಳಿಯ ಹಳ್ಳಿಗರ ಜನಪದಗೀತೆ ಇವೆಲ್ಲ ಅದರ ತಾಯಿಬೇರುಗಳು. ಮೊದಲಿನಿಂದಲೂ ಅದು ಕುಣಿತದ ಸಂಗೀತ. ಅತ್ತ ಕುರ್ಚಿಯ ರಂಗಮಂದಿರದ ಶಿಸ್ತಿಗೆ ಬೇರೆಯೇ ಚರಿತ್ರೆಯುಂಟು. ಪ್ರೇಕ್ಷಕರನ್ನು ಕತ್ತಲೆಯಲ್ಲಿ ಕೂರಿಸಿ ರಂಗದ ಮೇಲೆ ಮಾತ್ರ ಬೆಳಕು ಚೆಲ್ಲುವ ಪದ್ಧತಿಗೆ ಜರ್ಮನಿಯ ಬೈರಾಯ್ಟ್ ನಗರದಲ್ಲಿ 1876ರಲ್ಲಿ ತೆರೆದ ವಾಗ್ನರನ ರಂಗಮಂದಿರವು ಪ್ರಸಿದ್ಧ ಮಾದರಿಯಾಯಿತು. ಒಂದು ಕುಣಿಯಲು ಹುಟ್ಟಿದ ಸಂಗೀತ, ಇನ್ನೊಂದು ಕುಳಿತು ಕೇಳಲು ಕಟ್ಟಿದ ಮನೆ. ಇವೆರಡೂ ಒಂದೇ ಸೂರಿನಡಿ ಸೇರಿದಾಗ ಡ್ರಮ್ಮು ಏಳೆನ್ನುತ್ತದೆ, ಕುರ್ಚಿ ಕೂರೆನ್ನುತ್ತದೆ. ತಿಕ್ಕಾಟ ಹುಟ್ಟುವುದು ಕೇವಲ ಜನರ ದುಷ್ಟತನದಿಂದಲ್ಲ ಎಂಬುದನ್ನು ಮೊದಲು ಒಪ್ಪಬೇಕು.

ಕರ್ನಾಟಕದಲ್ಲಿಯೂ ಈ ಸಂಗೀತ ಹೊರಗಿನದಾಗಿ ಉಳಿದಿಲ್ಲ. ಶಿಶುನಾಳದ ಸಂತ ಶರೀಫರು (1819–1889) ಗೋವಿಂದ ಭಟ್ಟರನ್ನು ಗುರುವಾಗಿ ಪಡೆದು ಹಾಡಿದ ತತ್ತ್ವಪದಗಳನ್ನು ಸಿ. ಅಶ್ವಥ್ ಅವರು ಸುಗಮಸಂಗೀತದ ಮೂಲಕ ಮನೆಮನೆಗೆ ಮುಟ್ಟಿಸಿದರು. ಅವುಗಳಲ್ಲಿ ಕೆಲವನ್ನು ರಘು ದೀಕ್ಷಿತ್ ಅವರ ಮೇಳ ಗಿಟಾರ್ ಮತ್ತು ಡ್ರಮ್ಮುಗಳೊಡನೆ ಹಾಡಿ, 2008ರಲ್ಲಿ ಹೊರಬಂದ ತನ್ನ ಧ್ವನಿಸಂಪುಟದ ಮೂಲಕ ಹೊಸ ತಲೆಮಾರಿಗೆ ಕೇಳಿಸಿತು. ದೇಹದ ಅನಿತ್ಯತೆಯನ್ನು ಸಾರುವ ಪದವನ್ನು ಇಪ್ಪತ್ತು ವರ್ಷದ ಹುಡುಗನೊಬ್ಬನು ಮೊದಲ ಸಲ ಬ್ಯಾಂಡಿನ ಅಬ್ಬರದ ನಡುವೆ ಕೇಳಿ ತಲೆದೂಗಿದರೆ ಅದನ್ನು ಹೀನವೆನ್ನುವುದು ಹೇಗೆ?

ಇಲ್ಲಿ ಕೆಲವು ಹಿರಿಯರು ಮೂಗು ಮುರಿಯುವುದುಂಟು. ಅವರಿಗೆ ಬಸವಪುರಾಣವು ಹೇಳುವ ಕಿನ್ನರಿ ಬೊಮ್ಮಯ್ಯನವರ ಕಥೆಯನ್ನು ನೆನಪಿಸಬೇಕು. ಕಿನ್ನರಿ ನುಡಿಸಿ ಶಿವನನ್ನು ಸೇವಿಸುತ್ತಿದ್ದ ಆ ಶರಣರಿಗೆ ಉಳ್ಳಿ ಪ್ರಿಯವಾಗಿತ್ತು. ಬಸವಣ್ಣನವರು ಒಮ್ಮೆ ಉಳ್ಳಿಯ ವಾಸನೆಯನ್ನು ಹಳಿದರು. ಬೊಮ್ಮಯ್ಯನವರ ಮನಸ್ಸು ನೊಂದಿತು. ಅವರು ಮುನಿದು ಹೊರಟುಹೋದರು. ಬಸವಣ್ಣನವರು ಮಾಡಿದ್ದೇನು? ತಮ್ಮ ಅಭಿರುಚಿಯೇ ಧರ್ಮವೆಂದು ಸಾಧಿಸಲಿಲ್ಲ. ವಾದ್ಯಗಳೊಡನೆ ಉಳ್ಳಿಯ ಉತ್ಸವವನ್ನೇ ಮಾಡಿ ಶರಣನನ್ನು ಕ್ಷಮೆ ಬೇಡಿ ಕರೆತಂದರು. ಒಬ್ಬನ ನಾಲಗೆಗೆ ಒಗ್ಗದ್ದು ಇನ್ನೊಬ್ಬನ ಪ್ರಸಾದವಾಗಿರಬಹುದು. ಗಿಟಾರಿನ ಸದ್ದು ಹಿರಿಯರ ಕಿವಿಗೆ ಉಳ್ಳಿಯ ವಾಸನೆಯಂತೆ ತೋರಬಹುದು. ಆದರೆ ತೋರಿಕೆಯನ್ನು ತೀರ್ಪೆಂದು ತಿಳಿಯಬಾರದು.

ದೇಹದ ಉಲ್ಲಾಸವನ್ನು ವಚನಧರ್ಮವು ಎಂದೂ ಹಳಿದಿಲ್ಲ. ತಮ್ಮ ದೇಹವನ್ನೇ ವೀಣೆಯಾಗಿ ಮಾಡಿ ನುಡಿಸೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟರು; ತಾಳ ಲೆಕ್ಕಗಳ ಶಾಸ್ತ್ರ ತಿಳಿಯದೆಯೂ ಒಲಿದಂತೆ ಹಾಡುವೆನೆಂದು ಬೇರೊಂದೆಡೆ ನುಡಿದರು. ಡಕ್ಕೆಯ ಬೊಮ್ಮಣ್ಣನವರಿಗೆ ಡಕ್ಕೆಯನ್ನು ಬಾರಿಸುವುದೇ ಕಾಯಕವಾಗಿತ್ತು. ಬಹುರೂಪಿ ಚೌಡಯ್ಯನವರು ವೇಷ ಹಾಕಿ ಆಡುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದರು. ವಾದನವೂ ವೇಷವೂ ಅನುಭಾವಿಗಳ ಗೋಷ್ಠಿಯಲ್ಲಿ ಬಾಗಿಲ ಹೊರಗೆ ನಿಲ್ಲಲಿಲ್ಲ. ಆದುದರಿಂದ ಕಾಲು ತಾಳ ಹಾಕುವುದು ತಪ್ಪಲ್ಲ, ಮೈ ತೂಗುವುದೂ ತಪ್ಪಲ್ಲ.

ಆದರೆ ಆನಂದವು ತಪ್ಪಲ್ಲವೆಂದ ಮಾತ್ರಕ್ಕೆ ಆನಂದವೇ ಎಲ್ಲದರ ಅಳತೆಗೋಲಾಗುವುದೇ? ಇಲ್ಲಿ ವಿಚಾರವು ಕವಲೊಡೆಯುತ್ತದೆ. ಈ ಕವಲನ್ನು ತೋರಿಸಲು ಕರಾವಳಿಯ ಒಂದು ಪುರಾಣಕಥೆಯೇ ಸಾಕು.

ಗೋಕರ್ಣವು ಕುಮಟಾ ತಾಲೂಕಿಗೆ ಸೇರಿದ ಕ್ಷೇತ್ರ. ರಾವಣನು ತಪಸ್ಸಿನಿಂದಲೂ ಗಾನದಿಂದಲೂ ಶಿವನನ್ನು ಒಲಿಸಿ ಆತ್ಮಲಿಂಗವನ್ನು ಪಡೆದನೆಂದು ಸ್ಥಳಪುರಾಣ ಹೇಳುತ್ತದೆ. ನೆಲಕ್ಕಿಡಬಾರದೆಂಬುದು ಕಟ್ಟಳೆ. ಸಂಧ್ಯಾಕಾಲ ಬಂದಾಗ ಅವನು ಎದುರಿಗಿದ್ದ ವಟುವಿನ ಕೈಗೆ ಅದನ್ನು ಕೊಟ್ಟನು. ವಟು ಮೂರು ಸಲ ಕರೆದು, ರಾವಣನು ಬಾರದಿರಲು ಲಿಂಗವನ್ನು ನೆಲಕ್ಕಿಟ್ಟನು. ರಾವಣನು ಎಷ್ಟು ಎಳೆದರೂ ಅದು ಕದಲಲಿಲ್ಲ. ಅವನು ಕೋಪದಿಂದ ಎಸೆದ ಲಿಂಗದ ಹೊದಿಕೆ ಮುಂತಾದವು ಕುಮಟಾ ತಾಲೂಕಿನ ಧಾರೇಶ್ವರದಲ್ಲಿ, ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, ಭಟ್ಕಳ ತಾಲೂಕಿನ ಮುರುಡೇಶ್ವರದಲ್ಲಿ, ಕಾರವಾರದ ಕಡೆಯ ಸಜ್ಜೇಶ್ವರದಲ್ಲಿ ಬಿದ್ದವೆಂದು ಜನ ನಂಬುತ್ತಾರೆ. ಗುಣವಂತೆಯೇ ಮುಂದೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದ ನೆಲೆಯಾಗಿ ಕಲೆಯ ಕ್ಷೇತ್ರವೂ ಆಯಿತು.

ಈ ಕಥೆಯಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ರಾವಣನ ನಾದದಲ್ಲಿ ಕೊರತೆಯಿರಲಿಲ್ಲ. ಕೈಲಾಸಪತಿಯನ್ನು ಕರಗಿಸಿದ ನಾದವದು. ಕೊರತೆಯಿದ್ದದ್ದು ಅವನ ಕಣ್ಣಿನಲ್ಲಿ. ಪಕ್ಕದಲ್ಲಿ ನಿಂತ ಬಾಲಕನು ಸಾಕ್ಷಾತ್ ಗಣಪತಿಯೆಂಬುದನ್ನು ಅವನು ಕಾಣಲಿಲ್ಲ. ಅವನಿಗೆ ಆ ಬಾಲಕನು ತನ್ನ ಕೆಲಸಕ್ಕೆ ಒದಗಿದ ಒಂದು ಅನುಕೂಲ ಮಾತ್ರ. ಶಿವನಿಗಾಗಿ ಹಾಡಿದವನು ಶಿವನ ಮಗನನ್ನೇ ಗುರುತಿಸದೆ ಹೋದನು. ಬಸವಣ್ಣನವರು ಈ ರಾವಣನನ್ನೇ ಒಂದು ವಚನದಲ್ಲಿ ನಿದರ್ಶನವಾಗಿ ತೆಗೆದುಕೊಂಡು, ಅಷ್ಟು ನಾದ ನುಡಿಸಿದವನ ಬಾಳೂ ಅಪೂರ್ಣವಾಯಿತಲ್ಲವೆಂದು ಕೇಳಿ, ಶಿವನು ಒಲಿಯುವುದು ನಾದಕ್ಕಾಗಲಿ ವೇದಕ್ಕಾಗಲಿ ಅಲ್ಲ, ಭಕ್ತಿಗೆ ಎಂಬ ತಾತ್ಪರ್ಯವನ್ನು ತಿಳಿಸಿದ್ದಾರೆ. ನಾದವನ್ನು ಅವರು ನಿಂದಿಸಲಿಲ್ಲ. ನಾದವು ತಾನಾಗಿಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದೆಂಬ ಭ್ರಮೆಯನ್ನು ನಿವಾರಿಸಿದರು.

ಇನ್ನು ಯುವಕರ ಕಡೆಯಿಂದ ಬರಬಹುದಾದ ಒಂದು ಜಾಣತನದ ಆಕ್ಷೇಪಣೆಯನ್ನು ನೋಡೋಣ. ಸ್ಥಾವರಕ್ಕಿಂತ ಜಂಗಮವು ಮಿಗಿಲೆಂಬುದು ಬಸವಣ್ಣನವರ ಸುಪ್ರಸಿದ್ಧ ಬೋಧೆ. ಹಾಗಾದರೆ ಕುರ್ಚಿಯೇ ಸ್ಥಾವರ, ಕುಣಿಯುವ ದೇಹವೇ ಜಂಗಮ. ಎದ್ದು ಕುಣಿಯುವುದೇ ಬಸವಮಾರ್ಗವಲ್ಲವೇ ಎಂದು ಒಬ್ಬನು ವಾದಿಸಬಹುದು. ವಾದ ಚಮತ್ಕಾರವಾಗಿದೆ, ಆದರೆ ಜಂಗಮವೆಂದರೆ ಅಲುಗಾಡುವ ವಸ್ತುವೆಂದಷ್ಟೇ ಅರ್ಥವಲ್ಲ. ಹಾಗಾಗಿದ್ದರೆ ಬಂಡಿಯ ಗಾಲಿಯೂ ಜಂಗಮವಾಗುತ್ತಿತ್ತು. ಶಿವನು ಚೈತನ್ಯರೂಪವಾಗಿ ಮನೆಯ ಬಾಗಿಲಿಗೆ ಬರುವುದು ಜಂಗಮ. ಹಸಿದು ಬಂದವನಲ್ಲಿ, ನಮ್ಮಿಂದ ಏನನ್ನೋ ನಿರೀಕ್ಷಿಸುವವನಲ್ಲಿ ಲಿಂಗವನ್ನು ಕಂಡು ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ದಾಸೋಹ. ರಂಗಮಂದಿರದಲ್ಲಿ ಭಕ್ತನಿಂದ ನಿರೀಕ್ಷಿಸುತ್ತಿರುವವನು ಯಾರು? ವೇದಿಕೆಯ ಮೇಲಿನ ಗಾಯಕನಲ್ಲ. ಅವನಿಗೆ ಸಾವಿರ ಜನರ ಕಣ್ಣುಗಳಿವೆ. ಬೆನ್ನ ಹಿಂದೆ ಕುಳಿತು, ಮುಂದಿರುವವನ ಹೆಗಲ ಸಂದಿನಿಂದ ಇಣುಕುತ್ತಿರುವವನೇ ಆ ಹೊತ್ತಿನ ಜಂಗಮ. ಅವನಿಗೆ ಕೊಡಬೇಕಾದ ಅನ್ನವೆಂದರೆ ನೋಟ.

ವೀರಶೈವ ಸಿದ್ಧಾಂತವು ಇಂದ್ರಿಯಗಳನ್ನು ಲಿಂಗದ ನೆಲೆಗಳೆಂದು ಭಾವಿಸುತ್ತದೆ. ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗವೆಂದು ಷಟ್‌ಸ್ಥಲವನ್ನು ಅರಿತವರು ಹೇಳುತ್ತಾರೆ. ಕಿವಿಗೆ ಬಿದ್ದ ಶಬ್ದವು ಬರಿಯ ಪದಾರ್ಥ. ಲಿಂಗಕ್ಕೆ ಅರ್ಪಿತವಾದಾಗ ಅದು ಪ್ರಸಾದ. ಪ್ರಸಾದದ ನಡೆವಳಿ ಎಲ್ಲ ಭಕ್ತರಿಗೂ ಗೊತ್ತಿದೆ. ಪಂಕ್ತಿಯಲ್ಲಿ ಕೊನೆಯವನ ಎಲೆಗೆ ಬಡಿಸುವ ಮೊದಲು ಮುಂದಿನವನು ತುತ್ತೆತ್ತುವುದಿಲ್ಲ. ಪಕ್ಕದವನ ಎಲೆಯ ಮೇಲೆ ಕೈಯಿಕ್ಕುವುದಿಲ್ಲ. ಸಂಗೀತವನ್ನು ಶಬ್ದಪ್ರಸಾದವೆಂದು ಸ್ವೀಕರಿಸುವವನು ಪಕ್ಕದವನ, ಹಿಂದಿನವನ ಎಲೆ ಬರಿದಾಗಿದೆಯೋ ಎಂದು ಒಮ್ಮೆ ಹೊರಳಿ ನೋಡಬೇಡವೇ?

ಆಯ್ದಕ್ಕಿ ಲಕ್ಕಮ್ಮನವರ ನಡೆಯೂ ಇಲ್ಲಿ ದಾರಿದೀಪವಾಗುವುದು. ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ; ಅಗತ್ಯಕ್ಕಿಂತ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದರು. ಆ ಅಕ್ಕಿಯನ್ನು ಮಾರಯ್ಯನವರು ಕದ್ದು ತಂದಿರಲಿಲ್ಲ. ಆದರೂ ತನ್ನ ಪಾಲಿಗೆ ಮೀರಿದ್ದು ತನ್ನದಲ್ಲವೆಂಬ ಎಚ್ಚರ ಆ ತಾಯಿಯದು. ಕುರ್ಚಿಯಿಂದ ಎದ್ದು ನಿಂತವನು ತನ್ನ ಪಾಲಿಗಿಂತ ಎರಡು ಮೊಳ ಎತ್ತರವನ್ನು ಹೆಚ್ಚಾಗಿ ಆಯ್ದುಕೊಳ್ಳುತ್ತಾನೆ. ಅದು ಕಳ್ಳತನವಲ್ಲದಿರಬಹುದು, ಆದರೆ ಆ ಹೆಚ್ಚಿನ ನೋಟವು ಹಿಂದಿನವನ ಬಟ್ಟಲಿನಿಂದ ಬಂದದ್ದು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕುಮಟೆಯ ಒಂದು ಮನೆಯ ಹುಡುಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನನ್ನು ನೋಡಲು ಬಂದ ತಾಯಿಯನ್ನು ಅವನು ತನಗೆ ಪ್ರಿಯವಾದ ಬ್ಯಾಂಡಿನ ಹಾಡು ಕೇಳಿಸಲು ರಂಗಮಂದಿರಕ್ಕೆ ಕರೆದೊಯ್ಯುತ್ತಾನೆ. ತಾಯಿಗೆ ಮಂಡಿನೋವು. ಹಾಡಿನಲ್ಲಿ ಶರೀಫರ ಹೆಸರು ಕೇಳಿ ಅವಳ ಮುಖ ಅರಳುತ್ತದೆ. ಅಷ್ಟರಲ್ಲಿ ಮುಂದಿನ ಸಾಲು ಏಳುತ್ತದೆ. ಆ ಸಾಲಿನಲ್ಲಿರುವ ಅವನ ಗೆಳೆಯರು ‘ಏಳೋ’ ಎಂದು ಕರೆಯುತ್ತಾರೆ. ಅವನಿಗೆ ಏಳುವ ಆಸೆಯಿದೆ. ಆ ಹಾಡಿಗಾಗಿ ಅವನು ತಿಂಗಳುಗಟ್ಟಲೆ ಕಾದಿದ್ದಾನೆ. ಎದ್ದರೆ ತಾಯಿ ಬೆನ್ನುಗಳ ಕಾಡಿನಲ್ಲಿ ಒಬ್ಬಳೇ ಕುಳಿತಿರುತ್ತಾಳೆ. ಕುಳಿತರೆ ಅವನ ಉತ್ಸಾಹ ಒಳಗೇ ಬತ್ತುತ್ತದೆ. ಅವಳು ‘ನೀನು ಏಳಪ್ಪಾ, ನನಗೆ ಕೇಳಿಸುತ್ತದೆ’ ಎನ್ನುತ್ತಾಳೆ.

ಈ ಒಂದು ಮಾತಿನಲ್ಲಿ ಪ್ರಶ್ನೆಯ ಮರ್ಮವೆಲ್ಲ ಅಡಗಿದೆ. ತಾಯಿ ತನ್ನ ನೋಟವನ್ನು ಮಗನಿಗೆ ಕೊಟ್ಟಳು. ಅದು ಅವಳ ದಾಸೋಹ. ಆದರೆ ಮುಂದಿನ ಸಾಲಿನವರು ಅದನ್ನು ಅವಳಿಂದ ಕೇಳಿ ಪಡೆಯಲಿಲ್ಲ, ಅವರು ತೆಗೆದುಕೊಂಡರು. ಕೊಟ್ಟದ್ದು ಪ್ರಸಾದವಾಗುತ್ತದೆ, ಕಿತ್ತುಕೊಂಡದ್ದು ಕೊಳ್ಳೆಯಾಗುತ್ತದೆ, ವಸ್ತು ಒಂದೇ ಆಗಿದ್ದರೂ. ಕುಳಿತವನು ಉದಾರನಾಗಿ ‘ನೀವು ಕುಣಿಯಿರಿ’ ಎನ್ನಬಹುದು. ನಿಂತವನು ಮಾತ್ರ ಅವನ ಪರವಾಗಿ ಆ ಔದಾರ್ಯವನ್ನು ತಾನೇ ಘೋಷಿಸಿಕೊಳ್ಳಲಾಗದು.

ಒಂಬೈನೂರು ಜನ ಎದ್ದು ಆನಂದಿಸುತ್ತಿರುವಾಗ ಒಬ್ಬ ಮುದುಕಿಗಾಗಿ ಎಲ್ಲರೂ ಕೂರಬೇಕೇ ಎಂದು ಕೇಳುವವರುಂಟು. ಲೆಕ್ಕದ ದೃಷ್ಟಿಯಿಂದ ಈ ಪ್ರಶ್ನೆ ಬಲವಾದದ್ದೇ. ಆದರೆ ಶರಣಧರ್ಮವು ತಲೆಗಳನ್ನು ಎಣಿಸಿ ನ್ಯಾಯ ತೂಗುವುದಿಲ್ಲ. ಮಹಾಮನೆಯಲ್ಲಿ ಸಾವಿರಾರು ಜನ ಉಂಡರೆಂಬ ಕಾರಣಕ್ಕೆ ಒಬ್ಬ ಜಂಗಮನನ್ನು ಹಸಿದು ಕಳುಹಿಸಬಹುದೆಂದು ಯಾವ ಶರಣನೂ ಹೇಳಿಲ್ಲ. ಆದರೂ ಒಬ್ಬರ ಅಸಾಮರ್ಥ್ಯವು ಎಲ್ಲರ ಉಲ್ಲಾಸಕ್ಕೆ ಬೀಗವಾಗಬೇಕಾಗಿಲ್ಲ. ಏಳಲಾರದವರಿಗೆ ಮುಂದಿನ ಸಾಲನ್ನಾಗಲಿ ಎತ್ತರದ ಮೆಟ್ಟಿಲನ್ನಾಗಲಿ ಬಿಟ್ಟುಕೊಟ್ಟರೆ, ಕುಣಿಯಬಯಸುವವರು ಪಕ್ಕದ ಓಣಿಗೋ ಹಿಂಭಾಗದ ತೆರವಿಗೋ ಸರಿದರೆ ಎರಡೂ ಸಾಧ್ಯ. ತೊಡಕು ಉಳಿಯುವುದು ಸ್ಥಳದ ಅಭಾವದಿಂದಲ್ಲ, ಹೊರಳಿ ನೋಡದಿರುವುದರಿಂದ.

ಕೇಳುವವರ ಉತ್ಸಾಹವೇ ಕೇಳುವಿಕೆಯನ್ನು ನುಂಗಿದ ನಿದರ್ಶನ ಹೊರದೇಶದಲ್ಲಿಯೂ ಇದೆ. ಆಂಗ್ಲ ದೇಶದ ಬೀಟಲ್ಸ್ ಮೇಳವು 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ 55,000ಕ್ಕೂ ಹೆಚ್ಚು ಜನರೆದುರು ಹಾಡಿತು. ಅಭಿಮಾನಿಗಳ ಕಿರುಚಾಟದಲ್ಲಿ ಹಾಡುವವರಿಗೆ ತಮ್ಮ ಹಾಡೇ ಕೇಳಿಸದಾಯಿತು. ಮರುವರ್ಷ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಕಚೇರಿಯ ನಂತರ ಅವರು ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿದರು. ಕೇಳಲಾರದಷ್ಟು ಗದ್ದಲ ಅದಕ್ಕೆ ಒಂದು ಕಾರಣವಾಗಿತ್ತು. ಪ್ರೀತಿಸಿದವರೇ ಪ್ರೀತಿಯ ವಸ್ತುವನ್ನು ಕಳೆದುಕೊಂಡರು. ಚಿಟ್ಟಾಣಿಯವರ ಡೇರೆಯಲ್ಲಿ ಎದ್ದ ಕೇಕೆಯು ಕಲೆಗೆ ಗೊಬ್ಬರವಾಯಿತು. ಶೇ ಕ್ರೀಡಾಂಗಣದ ಕೂಗು ನೆರೆಯಂತೆ ಹೊಲವನ್ನೇ ಕೊಚ್ಚಿತು. ಒಂದು ಕೇಕೆ ಭಾಗವತರ ಪದಕ್ಕೆ ಎಡೆಗೊಟ್ಟು ಎದ್ದಿತು, ಇನ್ನೊಂದಕ್ಕೆ ಹಾಡು ಇದೆಯೆಂಬುದೇ ಮರೆತುಹೋಯಿತು.

ಅದೇ ಮೇಳವು 1963ರ ನವೆಂಬರ್ 4ರಂದು ಲಂಡನ್ನಿನ ಪ್ರಿನ್ಸ್ ಆಫ್ ವೇಲ್ಸ್ ರಂಗಮಂದಿರದಲ್ಲಿ ರಾಜಮನೆತನದವರೆದುರು ಹಾಡಿದಾಗ ಜಾನ್ ಲೆನನ್ ಒಂದು ವಿನೋದ ಮಾಡಿದನು. ಅಗ್ಗದ ಆಸನಗಳವರು ಚಪ್ಪಾಳೆ ತಟ್ಟಲಿ, ಉಳಿದವರು ತಮ್ಮ ಆಭರಣಗಳನ್ನು ಕುಲುಕಿದರೆ ಸಾಕೆಂಬುದು ಅದರ ಸಾರ. ನಗೆಯ ಹಿಂದೆ ಒಂದು ಸತ್ಯವಿದೆ. ಕುರ್ಚಿಯ ಸಾಲು ಹಣದ ಸಾಲೂ ಹೌದು. ‘ಹಣ ಕೊಟ್ಟಿದ್ದೇನೆ’ ಎಂದು ನಿಂತವನೂ ಹೇಳುತ್ತಾನೆ, ಕುಳಿತವನೂ ಹೇಳುತ್ತಾನೆ. ಇಬ್ಬರ ಮಾತೂ ಅಷ್ಟೇ ದೂರ ನಡೆಯುತ್ತದೆ. ಹಣವು ಕುರ್ಚಿಯನ್ನು ಕೊಳ್ಳಬಲ್ಲದು. ನೆರೆಯವನ ಕಣ್ಣನ್ನಾಗಲಿ ಅವನ ಕಾಲಿನ ಲಯವನ್ನಾಗಲಿ ಕೊಳ್ಳಲಾರದು. ಆದುದರಿಂದ ಕುಳಿತವನಿಗೂ ಒಂದು ಕರ್ತವ್ಯವುಂಟು. ಕುಣಿತದ ಸಂಗೀತಕ್ಕೆ ಬಂದು ಸ್ಮಶಾನಮೌನವನ್ನು ಬಯಸುವುದು, ಪಕ್ಕದ ಹುಡುಗಿ ಕುಳಿತಲ್ಲಿಯೇ ಕೈ ತಟ್ಟಿದರೆ ಗದರುವುದು, ತಾನು ಏಳಲಾರೆನೆಂಬುದನ್ನು ಅಧಿಕಾರವಾಗಿ ಬಳಸುವುದು, ಇವೂ ಜಂಗಮವನ್ನು ಕಾಣದ ಕುರುಡೇ. ಕಡೆಯ ಹಾಡಿಗೆ ಇಡೀ ಸಭೆ ಏಳಬಯಸಿದಾಗ ಅದನ್ನು ಪ್ರೀತಿಯಿಂದ ಬಿಟ್ಟುಕೊಡುವ ಹಿರಿಯನು ಕುಳಿತಲ್ಲಿಯೇ ದಾಸೋಹ ಮಾಡಿದಂತಾಯಿತು.

ಗೃಹಸ್ಥರಿಗೆ ಇನ್ನೊಂದು ಮಾತು ಹೇಳುವುದು ಅವಶ್ಯ. ಶ್ರೋತ್ರವು ಲಿಂಗದ ನೆಲೆಯಾಗಿರುವುದರಿಂದ ಅದನ್ನು ಕಾಯುವುದೂ ಆಚಾರವೇ. ಸಂಗೀತಸ್ಥಳಗಳಲ್ಲಿ ಧ್ವನಿಯ ಸರಾಸರಿ ಮಟ್ಟವು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಮಾನದಂಡವನ್ನು ಗೊತ್ತುಪಡಿಸಿತು. ಅತಿಯಾದ ಸದ್ದಿನಿಂದ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಚಿಕ್ಕ ಮಕ್ಕಳನ್ನು ಇಂತಹ ಕಡೆಗೆ ಕರೆದೊಯ್ಯುವವರು ಧ್ವನಿವರ್ಧಕಗಳಿಂದ ದೂರ ಕುಳಿತುಕೊಳ್ಳುವುದು, ಕಿವಿಗೆ ರಕ್ಷಣೆಯನ್ನು ಹಾಕುವುದು ಲೇಸು. ಮಗುವಿಗೆ ನೋಯುತ್ತಿದೆಯೆಂದು ತಿಳಿದ ಮೇಲೂ ತನ್ನ ಉತ್ಸಾಹಕ್ಕಾಗಿ ಅಲ್ಲಿಯೇ ನಿಲ್ಲುವ ತಂದೆಯು ಮುಂದಿನ ಸಾಲಿನಲ್ಲಿ ನಿಂತವನಿಗಿಂತ ಹೆಚ್ಚು ತಪ್ಪಿದವನಾಗುತ್ತಾನೆ.

ಲಿಂಗಪೂಜೆಯ ಕ್ರಮವನ್ನು ನೆನೆದರೆ ಇಡೀ ವಿಚಾರವು ತಿಳಿಯಾಗುತ್ತದೆ. ಗುಡಿಯಲ್ಲಿ ದೇವರನ್ನು ನೋಡಲು ನೂಕುನುಗ್ಗಲುಂಟು; ಮುಂದಿನವನ ತಲೆ ಹಿಂದಿನವನಿಗೆ ಅಡ್ಡಿ. ಬಸವಾದಿ ಪ್ರಮಥರು ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಟ್ಟರು. ಅಂಗೈಯಲ್ಲಿರುವ ಲಿಂಗಕ್ಕೆ ಮುಂದಿನ ಸಾಲು, ಹಿಂದಿನ ಸಾಲುಗಳಿಲ್ಲ. ಅರಸನಿಗೂ ಆಳಿಗೂ, ಹೆಣ್ಣಿಗೂ ಗಂಡಿಗೂ ಅದು ಅಷ್ಟೇ ಹತ್ತಿರ. ಯಾರ ನೋಟವನ್ನೂ ಯಾರೂ ಮರೆಮಾಡಲಾರದ ದರ್ಶನವನ್ನು ಅವರು ಲೋಕಕ್ಕಿತ್ತರು. ಅಂತಹ ದರ್ಶನದಲ್ಲಿ ಬೆಳೆದ ಭಕ್ತನು ಸಾಲುಗಳಿರುವ ಲೋಕಕ್ಕೆ ಕಾಲಿಟ್ಟಾಗ ಆ ಸಮತೆಯನ್ನು ಜೊತೆಯಲ್ಲಿ ಒಯ್ಯಬೇಕು. ಮುಂಜಾನೆ ಅಂಗೈಯಲ್ಲಿ ಕಂಡದ್ದನ್ನು ಸಂಜೆ ಬೆನ್ನ ಹಿಂದೆಯೂ ಕಾಣಬೇಕು. ಇಲ್ಲವಾದರೆ ಪೂಜೆಯು ಮನೆಯಲ್ಲಿಯೇ ಉಳಿದುಹೋಯಿತೆಂದು ಹೇಳಬೇಕಾಗುತ್ತದೆ.

ಆದಕಾರಣ ಸದ್ಭಕ್ತರು ತಮ್ಮ ಮಕ್ಕಳನ್ನು ಇಂತಹ ಸಂಗೀತಕ್ಕೆ ಹೋಗಬೇಡಿರೆಂದು ತಡೆಯಬೇಕಾಗಿಲ್ಲ. ಹೋದ ಮಕ್ಕಳು ಮರದ ಬೊಂಬೆಗಳಂತೆ ಕುಳಿತಿರಬೇಕೆಂದು ಬಯಸಬೇಕಾಗಿಯೂ ಇಲ್ಲ. ಅವರಿಗೆ ಕಲಿಸಬೇಕಾದುದು ಒಂದೇ ಒಂದು ಅಭ್ಯಾಸ: ಏಳುವ ಮುನ್ನ ಹೊರಳಿ ನೋಡುವುದು. ಹಿಂದೆ ಯಾರೂ ಇಲ್ಲದಿದ್ದರೆ, ಇದ್ದವರೂ ನಗುತ್ತ ಎದ್ದಿದ್ದರೆ ಮನದಣಿಯೆ ಕುಣಿಯಲಿ. ಒಬ್ಬರು ಕುಳಿತಿದ್ದರೆ ಕೇಳಲಿ. ಅವರು ಬೇಡವೆಂದರೆ ಕುಳಿತುಕೊಳ್ಳಲಿ, ಇಲ್ಲವೆ ಬದಿಗೆ ಸರಿಯಲಿ. ಕುಳಿತ ಮೇಲೂ ಹಾಡು ಉಳಿದಿರುತ್ತದೆ, ಲಯ ಉಳಿದಿರುತ್ತದೆ, ಚಪ್ಪಾಳೆಗೆ ಎರಡು ಕೈಗಳೂ ಉಳಿದಿರುತ್ತವೆ. ಬಿಟ್ಟುಕೊಟ್ಟದ್ದು ಎರಡು ಮೊಳ ಎತ್ತರ ಮಾತ್ರ. ಆ ಎರಡು ಮೊಳದ ತೆರಪಿನಲ್ಲಿ ಮಂಡಿನೋವಿನ ತಾಯಿಯೊಬ್ಬಳು ಶರೀಫರ ಪದವನ್ನು ಹಾಡುವ ಹುಡುಗನ ಮುಖವನ್ನು ಕಾಣುವಳು. ನಾದಕ್ಕೆ ಒಲಿಯದ ಶಿವನು ಇಂತಹ ನಡೆಗೆ ಒಲಿಯುವನೆಂಬುದೇ ಶರಣರ ನಂಬುಗೆ.